ಅಮ್ಮನ ಟೆಸ್ಟು, ಚೂಟಿಯ ಬೆರಳು

ಟ್ಯಾಬ್ಲೆಟ್ಟಿನ ಪರದೆಯ ಮೇಲೆ ‘ಶುರು ಮಾಡಿ’ ಅನ್ನುವ ಹಸಿರು ಬಟನ್ ಮಿಣಮಿಣ ಅನ್ನುತ್ತಿತ್ತು. ಮಂಚದ ಮೇಲೆ ಅಮ್ಮ ಗಾಢ ನಿದ್ದೆಯಲ್ಲಿದ್ದಳು. ನಡುವೆ ನಿಂತ ಚೂಟಿಯ ಹೆಬ್ಬೆರಳು ತುರಿಸುತ್ತಿತ್ತು.

ಒತ್ತಬಾರದು ಅಂತ ಅವಳಿಗೆ ಗೊತ್ತಿತ್ತು. ಪರದೆಯ ಮೇಲೇ ದಪ್ಪ ಅಕ್ಷರದಲ್ಲಿ ಬರೆದಿತ್ತಲ್ಲ, ‘ಈ ಪರೀಕ್ಷೆಯನ್ನು ನೀವೇ, ಸದ್ದಿಲ್ಲದ ಕೋಣೆಯಲ್ಲಿ ಕುಳಿತು ಮಾಡಿ’ ಅಂತ. ಕೋಣೆಯಲ್ಲಿ ಸದ್ದಿರಲಿಲ್ಲ. ಕುಳಿತುಕೊಳ್ಳಲು ಕುರ್ಚಿಯೂ ಇತ್ತು. ‘ನೀವೇ’ ಅನ್ನುವ ಒಂದು ಮಾತು ಮಾತ್ರ ಅಡ್ಡ ಬರುತ್ತಿತ್ತು.

ಚೂಟಿ ಅನ್ನುವುದು ಅವಳ ಶಾಲೆಯ ಹೆಸರಲ್ಲ. ಅಂಗಡಿಗೆ ಬರುವ ಪೇಂಟರ್‌ಗಳು, ಬಡಗಿಗಳು ಸೇರಿ ಇಟ್ಟ ಹೆಸರು. ಮನೆಯ ಕೆಳಗೇ ಅಪ್ಪ ಅಮ್ಮನ ಹಾರ್ಡ್‌ವೇರ್ ಅಂಗಡಿ ಇತ್ತು. ಗಿರಾಕಿ ‘ಒಂದು ಇಂಚಿನ’ ಅನ್ನುವಷ್ಟರಲ್ಲಿ ಇವಳು ಮೊಳೆಯ ಡಬ್ಬ ತಂದು ಎದುರಿಗಿಡುವಳು. ಅವರಿಗೆ ಬೇಕಾದದ್ದು ಮೊಳೆಯಲ್ಲ, ಸ್ಕ್ರೂ ಆಗಿದ್ದರೂ ಅಷ್ಟೇ. ಶಾಲೆಯಲ್ಲೂ ಇದೇ ಪಾಡು. ಟೀಚರ್ ಪ್ರಶ್ನೆ ಮುಗಿಸುವ ಮೊದಲೇ ಇವಳ ಉತ್ತರ ಮುಗಿದುಹೋಗಿರುತ್ತಿತ್ತು. ನಿಮ್ಮಂಗಡಿಯಿಂದಲೇ ಒಂದು ಚಿಲಕ ತಂದು ಬಾಯಿಗೆ ಹಾಕಿಸಿಕೊಳ್ಳಮ್ಮ ಅಂತ ಟೀಚರ್ ಒಮ್ಮೆ ಕೈ ಮುಗಿದಿದ್ದರು.

ಈ ಚುರುಕು ಅವಳಿಗೆ ಅಮ್ಮನಿಂದ ಬಂದದ್ದು. ಅಂಗಡಿಯ ಹಿಂದಿನ ಗೋಡೆ ತುಂಬ ಪುಟ್ಟ ಪುಟ್ಟ ಡ್ರಾಯರ್‌ಗಳು, ಒಂದರ ಮೇಲೂ ಹೆಸರಿಲ್ಲ. ಹೆಸರು ಯಾಕೆ ಬೇಕು, ಅಮ್ಮ ಇದ್ದಳಲ್ಲ. ಒಬ್ಬನಿಗೆ ಬೀಗ ತೋರಿಸುತ್ತಾ, ಇನ್ನೊಬ್ಬನ ಜತೆ ನಲ್ಲಿಯ ವಾಷರ್ ಬಗ್ಗೆ ಮಾತಾಡುತ್ತಾ, ತಿರುಗಿಯೂ ನೋಡದೆ ಮೂರನೆಯವನ ಸ್ಕ್ರೂ ಇರುವ ಡ್ರಾಯರನ್ನು ಎಳೆಯುತ್ತಿದ್ದಳು.

ಆಮೇಲೆ ಅಮ್ಮನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ಕಾಯಿಲೆ ಬಂತು. ಅಷ್ಟುದ್ದ ಹೆಸರು ಯಾರು ಹೇಳುತ್ತಾರೆ, ಎಲ್ಲರೂ ಎಂ.ಎಸ್. ಅಂದರು. ಮೊದಲು ಎಡಗಾಲು ಎಳೆಯತೊಡಗಿತು. ಅಪ್ಪ ಕೌಂಟರಿನ ಹಿಂದೆ ಎತ್ತರದ ಸ್ಟೂಲ್ ತಂದಿಟ್ಟ. ಗಿರಾಕಿಗಳು ‘ಕೂತ್ಕೊಂಡೇ ಕೊಡಿ ಅಕ್ಕಾ’ ಅಂದರು. ಕಾಲಿನ ತೊಂದರೆ ಎಲ್ಲರ ಕಣ್ಣಿಗೂ ಕಾಣುತ್ತಿತ್ತು.

ಕಾಣದೇ ಇದ್ದದ್ದು ಇನ್ನೊಂದಿತ್ತು. ಈಚೆಗೆ ಅಮ್ಮ ಡ್ರಾಯರ್‌ಗಳ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದಳು. ಇಬ್ಬರು ಒಟ್ಟಿಗೆ ಮಾತಾಡಿದರೆ ಅವಳಿಗೆ ಇಬ್ಬರ ಮಾತೂ ಕೈತಪ್ಪಿ ಹೋಗುತ್ತಿತ್ತು. ತಲೆಯೊಳಗೆ ಮಂಜು ಕವಿದ ಹಾಗಾಗುತ್ತೆ ಕಣ್ರೀ ಅಂತ ಅಪ್ಪನಿಗೆ ಹೇಳಿದಳು. ನಿದ್ದೆ ಸರಿಯಾಗಿ ಮಾಡು, ನಿನ್ನ ಗಮನ ಎಲ್ಲೋ ಇರುತ್ತೆ ಅಷ್ಟೆ ಅಂತ ಅಪ್ಪ ಅಂದ. ಅಪ್ಪ ಕೆಟ್ಟವನೇನಲ್ಲ. ಸ್ಪ್ಯಾನರ್ ಹಿಡಿದು ಏನು ಬೇಕಾದರೂ ರಿಪೇರಿ ಮಾಡುವವನು. ಸ್ಪ್ಯಾನರಿಗೆ ಸಿಗದ ತೊಂದರೆಯನ್ನು ತೊಂದರೆಯೇ ಅಲ್ಲ ಅಂದುಬಿಡುವುದು ಅವನ ಅಭ್ಯಾಸ.

ಅಮ್ಮ ಪಟ್ಟು ಬಿಡದೆ ಆಸ್ಪತ್ರೆಯಲ್ಲೂ ಹೇಳಿದಳು. ಅಲ್ಲಿ ಈ ತಲೆಯ ವಿಷಯಕ್ಕೇ ಒಂದು ಟೆಸ್ಟ್ ಇತ್ತು. ಆಗಾಗ ಮನೆಯಲ್ಲೇ ಟ್ಯಾಬ್ಲೆಟ್ಟಿನಲ್ಲಿ ಮಾಡಬೇಕಾದ ಟೆಸ್ಟ್. ಪರದೆಯ ಮೇಲ್ಗಡೆ ಒಂದು ಸಾಲು ಚಿಹ್ನೆಗಳು, ಪ್ರತಿ ಚಿಹ್ನೆಯ ಕೆಳಗೂ ಒಂದು ಅಂಕಿ. ಮಧ್ಯದಲ್ಲಿ ಒಂದೊಂದೇ ಚಿಹ್ನೆ ಬರುತ್ತೆ. ಮೇಲಿನ ಸಾಲು ನೋಡಿ ಅದರ ಅಂಕಿ ಒತ್ತಬೇಕು. ಹೊತ್ತು ಮುಗಿಯುವುದರೊಳಗೆ ಎಷ್ಟು ಸರಿ ಒತ್ತಿದರೋ ಅಷ್ಟು.

ಇದೇನು ಮಹಾ ಅಂತ ನೀವು ಕೇಳಬಹುದು. ಚೂಟಿಯೂ ಕೇಳಿದ್ದಳು. ಆದರೆ ಇವತ್ತು ಬೆಳಗ್ಗೆ ಟೀ ಕುಡಿಯುವಾಗ ಅಮ್ಮ, ಈ ಸಲ ಕಡಿಮೆ ಬಂದರೆ ಗತಿ ಏನು ಅಂದಳು. ಅದಕ್ಕೆ ಅಪ್ಪ, ಏನೂ ಇಲ್ಲ, ಕೌಂಟರಿಗೆ ಬೇರೆ ಯಾರನ್ನಾದರೂ ಇಟ್ಟುಕೊಂಡರಾಯ್ತು ಅಂದುಬಿಟ್ಟ. ಅವನು ತಮಾಷೆಗೆ ಅಂದದ್ದೋ ನಿಜಕ್ಕೆ ಅಂದದ್ದೋ ಚೂಟಿಗೆ ತಿಳಿಯಲಿಲ್ಲ. ಕಚ್ಚಿದ ಬ್ರೆಡ್ಡನ್ನು ತಟ್ಟೆಗೇ ವಾಪಸ್ ಇಟ್ಟಳು.

ಅಮ್ಮ ಇಲ್ಲದ ಕೌಂಟರ್? ಆ ಸ್ಟೂಲಿನ ಮೇಲೆ ಬೇರೆ ಯಾರೋ?

ಟೆಸ್ಟ್ ತೆರೆದಿಟ್ಟ ಅಮ್ಮ, ಐದು ನಿಮಿಷ ಕಣ್ಣು ಮುಚ್ಚಿ ಏಳ್ತೀನಿ ಅಂತ ಮಲಗಿದವಳು ಎದ್ದಿರಲಿಲ್ಲ. ಈ ಕಾಯಿಲೆಯ ಸುಸ್ತೇ ಹಾಗೆ, ಒಮ್ಮೆಗೇ ನೆಲ ಹಿಡಿಸಿಬಿಡುತ್ತೆ. ಫೋನಿನ ಗೇಮ್‌ಗಳಲ್ಲಿ ಇಡೀ ಬೀದಿಗೆ ಚೂಟಿಯೇ ಚಾಂಪಿಯನ್. ಇಂಥ ಮಗಳು ಪಕ್ಕದಲ್ಲೇ ಇದ್ದು ಅಮ್ಮ ಫೇಲ್ ಆಗೋದಾ?

ಅವಳು ಬಟನ್ ಒತ್ತಿದಳು.

ಆಹಾ, ಏನು ಮಜಾ ಅಂತೀರಿ. ಚಿಹ್ನೆ ಬರುವುದು, ಬೆರಳು ಹಾರುವುದು. ಅರ್ಧ ದಾರಿಗೆ ಬರುವಾಗ ಮೇಲಿನ ಸಾಲು ನೋಡುವ ಗೋಜೂ ಇರಲಿಲ್ಲ, ಎಲ್ಲ ಬಾಯಿಪಾಠವಾಗಿತ್ತು. ‘ಅರವತ್ತೆಂಟು ಸರಿ’ ಅಂತ ಬಂದಾಗ ಅವಳು ನಿಂತಲ್ಲೇ ಸದ್ದಿಲ್ಲದೆ ಕುಣಿದಳು. ಅಷ್ಟರಲ್ಲಿ ಪರದೆ ಬದಲಾಯಿತು. ‘ನಿಮ್ಮ ಫಲಿತಾಂಶವನ್ನು ಆಸ್ಪತ್ರೆಗೆ ಕಳುಹಿಸಲಾಗಿದೆ. ಧನ್ಯವಾದಗಳು.’

ಅಷ್ಟು ಬೇಗ ಕಳಿಸಿಬಿಡುತ್ತೆ ಅಂತ ಅವಳು ಅಂದುಕೊಂಡಿರಲಿಲ್ಲ.

ಅಮ್ಮ ಎದ್ದು ಕೂತು ಮುಖ ಉಜ್ಜಿಕೊಂಡಳು. ಅಯ್ಯೋ, ಟೆಸ್ಟ್ ಮಾಡದೇ ಮಲಗಿಬಿಟ್ಟೆನಲ್ಲ, ಆ ಟ್ಯಾಬ್ ಕೊಡು ಇಲ್ಲಿ ಅಂದಳು.

ಚೂಟಿಯ ಬಾಯಿ ಗೊತ್ತಲ್ಲ. ಯೋಚನೆ ಬರುವ ಮೊದಲೇ ಉತ್ತರ ಹೊರಗೆ ಬಿದ್ದಿತ್ತು. “ಮಾಡಿದ್ಯಲ್ಲಮ್ಮ. ಮುಗಿಸಿಯೇ ಮಲಗಿದ್ದು ನೀನು.”

“ನಾನಾ?”

“ಹೂಂ. ನೋಡು ಬೇಕಾದ್ರೆ.”

ಅಮ್ಮ ಪರದೆಯನ್ನು ನೋಡಿದಳು. ‘ಧನ್ಯವಾದಗಳು’ ಅನ್ನುವುದನ್ನು ಎರಡು ಸಲ ಓದಿದಳು. ಆಮೇಲೆ ತನ್ನ ಕೈಗಳನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡಳು. “ಸ್ವಲ್ಪವೂ ನೆನಪಿಲ್ಲ ಕಣೇ,” ಅಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

ಹೇಳಿಬಿಡಬೇಕು ಅಂತ ಚೂಟಿಗೆ ಅನ್ನಿಸಿತು. ಆದರೆ ಕೆಳಗಿನಿಂದ ಅಪ್ಪ ಕೂಗಿದ, ಅಮ್ಮ ಗೋಡೆ ಹಿಡಿದುಕೊಂಡು ಇಳಿದುಹೋದಳು, ಮಾತು ಅಲ್ಲೇ ಉಳಿಯಿತು. ಉಳಿದ ಮಾತು ದಿನದಿನಕ್ಕೆ ದಪ್ಪಗಾಗುತ್ತೆ ಅನ್ನುವುದು ಅವಳಿಗೆ ಆಗ ಗೊತ್ತಿರಲಿಲ್ಲ.

ಅವತ್ತಿನಿಂದ ಅಮ್ಮನಿಗೆ ಹೊಸ ರೋಗ ಅಂಟಿಕೊಂಡಿತು. ಗ್ಯಾಸ್ ಆಫ್ ಮಾಡಿದೆನಾ ಅಂತ ಕೇಳುವಳು. ಮಾಡಿದ್ದೀಯ ಅಂದರೂ ಹೋಗಿ ನೋಡಿ ಬರುವಳು. ಅಂಗಡಿಯ ಷಟರಿಗೆ ಬೀಗ ಹಾಕಿ, ಮೆಟ್ಟಿಲು ಹತ್ತಿ ಬಂದು, ಕಾಲು ನೋಯುತ್ತಿದ್ದರೂ ಮತ್ತೆ ಇಳಿದು ಬೀಗ ಎಳೆದು ನೋಡುವಳು. ನಾನು ಊಟ ಮಾಡಿದೆನಲ್ವಾ ಅಂತ ಒಂದು ದಿನ ಕೇಳಿದಾಗ ಅಪ್ಪ ನಕ್ಕ. ಚೂಟಿಗೆ ನಗು ಬರಲಿಲ್ಲ. ಟೆಸ್ಟಿನ ಫಲಿತಾಂಶ ಬರಲಿ, ಒಳ್ಳೆ ಮಾರ್ಕ್ಸ್ ನೋಡಿದರೆ ಅಮ್ಮನಿಗೆ ಎಲ್ಲ ಸರಿಹೋಗುತ್ತೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಆಸ್ಪತ್ರೆಗೆ ಹೋಗುವ ದಿನ ಶಾಲೆಗೆ ರಜೆ ಇತ್ತು. ಮೂವರೂ ಹೋದರು. ಟೆಸ್ಟ್ ನೋಡಿಕೊಳ್ಳುವ ಮೇಡಂ ಅವರದು ಸಣ್ಣ ಕೋಣೆ. ಮೇಜಿನ ಮೇಲೆ ಮಗ್ ತುಂಬ ಪೆನ್ನುಗಳು, ಒಂದೂ ಬರೆಯುತ್ತಿರಲಿಲ್ಲ. ಪಕ್ಕದಲ್ಲಿ ಬಿಚ್ಚಿ ಜೋಡಿಸಬಹುದಾದ ಪ್ಲಾಸ್ಟಿಕ್ ಮೆದುಳು. ಬೇರೆ ದಿನವಾಗಿದ್ದರೆ ಚೂಟಿ ಅದನ್ನು ಅಷ್ಟರಲ್ಲೇ ನಾಲ್ಕು ಭಾಗ ಮಾಡಿರುತ್ತಿದ್ದಳು. ಇವತ್ತು ಮುಟ್ಟಲಿಲ್ಲ.

ಮೇಡಂ ಕಂಪ್ಯೂಟರನ್ನು ಇವರ ಕಡೆ ತಿರುಗಿಸಿದರು. ಹಿಂದಿನ ಟೆಸ್ಟ್‌ಗಳ ಚುಕ್ಕಿಗಳು ಒಂದರ ಪಕ್ಕ ಒಂದು ತಣ್ಣಗೆ ಕೂತಿದ್ದವು. ಕೊನೆಯ ಚುಕ್ಕಿ ಮಾತ್ರ ಪರದೆಯ ಸೂರು ಮುಟ್ಟಿತ್ತು.

“ಇಷ್ಟು ಮೇಲೆ ಹೋಗಿದ್ದನ್ನು ನಾನು ನೋಡೇ ಇಲ್ಲ,” ಅಂದರು ಮೇಡಂ. ಹೇಳುವಾಗ ಅವರ ಹುಬ್ಬು ಸ್ವಲ್ಪ ಗಂಟಿಕ್ಕಿತ್ತು.

ಅಪ್ಪ ಅದನ್ನೆಲ್ಲಿ ನೋಡುತ್ತಾನೆ. ತೊಡೆ ತಟ್ಟಿಕೊಂಡು, ನಾನು ಮೊದಲಿಂದ ಬಡಕೊಂಡೆ, ಇವಳಿಗೆ ಏನೂ ಆಗಿಲ್ಲ, ಗಮನ ಕೊಡಬೇಕು ಅಷ್ಟೆ ಅಂತ ಶುರು ಮಾಡಿದ. ಚೂಟಿ ಅಮ್ಮನ ಮುಖ ನೋಡಿದಳು. ಈಗ ನಗುತ್ತಾಳೆ, ಈಗ ನಗುತ್ತಾಳೆ ಅಂತ ಕಾದಳು. ಅಮ್ಮ ನಗಲಿಲ್ಲ. ಬ್ಯಾಗಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ಹಾಗಾದ್ರೆ ನಾನು ಸೋಮಾರಿನೇ ಇರಬೇಕು,” ಅಂದಳು. “ಮಂಜು ಗಿಂಜು ಅಂತ ನಾನೇ ಕತೆ ಕಟ್ಟಿದ್ದು. ಆದ್ರೆ ಮೇಡಂ, ಈ ಟೆಸ್ಟ್ ಮಾಡಿದ್ದೇ ನಂಗೆ ನೆನಪಿಲ್ಲ. ಒಂದು ಚೂರೂ ಇಲ್ಲ. ಅದೇನು ಅಂತ ಹೇಳಿ. ಆ ದಿನದಿಂದ ನಂಗೆ ನನ್ನ ಮೇಲೇ ನಂಬಿಕೆ ಹೋಗಿದೆ.”

ಕೊನೆಯ ಮಾತಿಗೆ ಅವಳ ಧ್ವನಿ ನಡುಗಿತು. ಅಪ್ಪನ ಕೈ ತೊಡೆಯ ಮೇಲೇ ನಿಂತಿತು. ಮೇಡಂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಏನೂ ನೆನಪಿಲ್ಲ ಅಂದರೆ ಅದು ಬೇರೆಯೇ ವಿಷಯ, ಇನ್ನೂ ಕೆಲವು ಟೆಸ್ಟ್ ಮಾಡಬೇಕಾಗುತ್ತೆ, ಡಾಕ್ಟರಿಗೆ ಈಗಲೇ ಹೇಳಿ ಸ್ಕ್ಯಾನ್ ಕೂಡ ಮಾಡಿಸೋಣ ಅಂತ ಫೋನಿಗೆ ಕೈ ಹಾಕಿದರು.

ಜಗತ್ತಿನ ಎಲ್ಲ ಪ್ರಶ್ನೆಗಳಿಗೂ ಮೊದಲೇ ಉತ್ತರ ಹೇಳುವ ಹುಡುಗಿಗೆ ಈಗ ಒಂದು ಮಾತು ಹೊರಡಿಸಲು ಎರಡು ಸಲ ಉಗುಳು ನುಂಗಬೇಕಾಯಿತು.

“ಅಮ್ಮ ಮರೆತಿಲ್ಲ,” ಅಂದಳು. “ಅವಳು ಮಲಗಿದ್ಳು. ನಾನು ಮಾಡಿದ್ದು.”

ಮೇಡಂ ಫೋನ್ ಕೆಳಗಿಟ್ಟರು.

ಅಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು. “ಅಂದ್ರೆ ನಾನು ಮರೆತಿಲ್ಲ. ಮಾಡೇ ಇಲ್ಲ.” ಅವಳಿಗೆ ನಗು ಬಂತು, ನಗುತ್ತಿರುವಾಗಲೇ ಕಣ್ಣಲ್ಲಿ ನೀರು ಬಂತು, ಅದು ಕೆನ್ನೆಗೆ ಇಳಿಯುವಷ್ಟರಲ್ಲಿ ಸಿಟ್ಟೂ ಬಂತು. ಚೂಟಿಯ ತೋಳು ಹಿಡಿದು ಹತ್ತಿರ ಎಳೆದುಕೊಂಡಳು. “ಇಷ್ಟು ದಿನ ನಾನು ಎಷ್ಟು ಹೆದರಿ ಸತ್ತಿದ್ದೀನಿ ಗೊತ್ತಾ ನಿಂಗೆ?”

ಗೊತ್ತಿತ್ತು. ಅದೇ ಚೂಟಿಗೆ ತಡೆಯಲು ಆಗದೇ ಇದ್ದದ್ದು. ಅವಳು ಗೊಳೋ ಅಂತ ಅತ್ತಳು. ಅಳುವಿನ ನಡುವೆಯೇ, ನೀನು ಫೇಲ್ ಆದ್ರೆ ನಿನ್ನನ್ನು ಕೌಂಟರಿಂದ ತೆಗೆದುಹಾಕ್ತಾರೆ, ಅಪ್ಪನೇ ಹೇಳಿದ್ದು ಅಂತ ಒದರಿದಳು. ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ತನ್ನ ಷೂಗಳನ್ನು ನೋಡಿಕೊಂಡ.

ಮೇಡಂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು ಅಂತ ಚೂಟಿಗೆ ಅನ್ನಿಸಿತು.

“ಇದರಲ್ಲಿ ಪಾಸೂ ಇಲ್ಲ, ಫೇಲೂ ಇಲ್ಲ ಪುಟ್ಟಾ,” ಅಂದರು. “ನಿಮ್ಮಮ್ಮನ ಈ ಸಲದ ಸ್ಪೀಡನ್ನು ನಿಮ್ಮಮ್ಮನ ಹೋದ ಸಲದ ಸ್ಪೀಡಿನ ಪಕ್ಕದಲ್ಲಿಟ್ಟು ನೋಡ್ತೀವಿ. ಜ್ವರ ಅಮ್ಮನಿಗೆ, ಥರ್ಮಾಮೀಟರ್ ನಿನ್ನ ಬಾಯಲ್ಲಿ ಇಟ್ಟುಕೊಂಡ್ರೆ ನಂಗೇನು ಗೊತ್ತಾಗುತ್ತೆ ಹೇಳು?”

ಚೂಟಿ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡಳು.

ಟೆಸ್ಟನ್ನು ಈಗಲೇ, ಇಲ್ಲೇ, ಬೇರೆ ಚಿಹ್ನೆಗಳಿರುವ ಇನ್ನೊಂದು ಬಗೆಯಲ್ಲಿ ಮಾಡೋಣ ಅಂತಾಯಿತು. ಅಪ್ಪ ಮಗಳು ಹೊರಗೆ ಕೂತಿರಲಿ ಅಂದರು ಮೇಡಂ. ಅಮ್ಮ ಸ್ವಲ್ಪ ಯೋಚಿಸಿ, ಇವಳು ನನ್ನ ಹಿಂದೆ ಕೂರಲಿ ಮೇಡಂ, ಒಂದು ಸಲ ನೋಡಲಿ ಅಂದಳು. ಮೇಡಂ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು, ಆದರೆ ಷರತ್ತು ಹಾಕಿದರು. ಬಾಯಿಗೆ ಬೀಗ, ಎರಡೂ ಕೈ ತೊಡೆಯ ಕೆಳಗೆ, ಕೈ ಮೇಲೆ ಕೂತಿರಬೇಕು. ಇವಳ ಬಾಯಿಯ ಸೈಜಿನ ಬೀಗ ನಮ್ಮಂಗಡಿಯಲ್ಲೂ ಇಲ್ಲ ಅಂತ ಗೊಣಗಿ ಅಪ್ಪ ಹೊರಗೆ ಹೋದ.

ಚೂಟಿ ಅಮ್ಮನ ಹಿಂದಿನ ಕುರ್ಚಿಯಲ್ಲಿ ಕೈ ಮೇಲೆ ಕೂತಳು.

ಪರದೆಯ ಮೇಲೆ ಮೊದಲ ಚಿಹ್ನೆ ಬಂತು. ನಾಲ್ಕು, ಚೂಟಿಗೆ ತಕ್ಷಣ ಗೊತ್ತಾಯಿತು. ಅಮ್ಮನ ಬೆರಳು ಮೇಲಿನ ಸಾಲಿಗೆ ಹೋಯಿತು. ಎಡದಿಂದ ನಡೆದುಕೊಂಡು ಬಂತು, ಒಂದು ಕಡೆ ನಿಂತಿತು, ಕೆಳಗಿಳಿಯಿತು. ನಾಲ್ಕನ್ನು ಒತ್ತಿತು. ಮುಂದಿನದು ಏಳು. ಅಮ್ಮನ ಬೆರಳು ಮತ್ತೆ ಹೊರಟಿತು. ಏಳೇ ಅಮ್ಮ, ಏಳು, ಬೇಗ ಅಂತ ಚೂಟಿಯ ಇಡೀ ಮೈ ಕೂಗುತ್ತಿತ್ತು. ತೊಡೆಯ ಕೆಳಗೆ ಬೆರಳುಗಳು ಒದ್ದಾಡಿದವು. ಅಮ್ಮ ಏಳನ್ನು ಒತ್ತಿದಳು.

ಹೀಗೇ ಹೋಯಿತು. ಎಲ್ಲೂ ತಪ್ಪಲಿಲ್ಲ. ಅಮ್ಮನಿಗೆ ಗೊತ್ತಿಲ್ಲ ಅಂತಲ್ಲ, ಗೊತ್ತಾಗುವಲ್ಲಿಗೆ ಹೋಗಿ ತಲುಪಲು ಅವಳಿಗೆ ಹೊತ್ತು ಬೇಕಿತ್ತು. ಅವಳ ಕತ್ತಿನ ಹಿಂದೆ ಬೆವರು ಮೂಡಿತ್ತು. ಅಂಗಡಿಯಲ್ಲಿ ಈ ಕತ್ತಿನ ಹಿಂದೆಯೇ ನಿಂತು ತಾನು ಎಷ್ಟು ಸಲ ಪಟ್ಟನೆ ಡ್ರಾಯರ್ ಎಳೆದು ಕೊಟ್ಟಿದ್ದೇನೆ ಅಂತ ಚೂಟಿಗೆ ನೆನಪಾಯಿತು. ಅಮ್ಮ ಆಗ ಏನೂ ಹೇಳದೆ ಪಕ್ಕಕ್ಕೆ ಸರಿಯುತ್ತಿದ್ದಳು.

ಟೆಸ್ಟ್ ಮುಗಿಯಿತು. ಅಪ್ಪನನ್ನು ಒಳಗೆ ಕರೆದರು. ಹೊಸ ಚುಕ್ಕಿ ಅಮ್ಮನ ಹಿಂದಿನ ಚುಕ್ಕಿಗಳಿಗಿಂತಲೂ ಕೆಳಗೆ ಕೂತಿತ್ತು.

“ನಿಮ್ಮ ವೇಗ ನಿಜಕ್ಕೂ ಕಡಿಮೆಯಾಗಿದೆ,” ಅಂತ ಮೇಡಂ ಅಮ್ಮನಿಗೇ ನೇರವಾಗಿ ಹೇಳಿದರು. “ಬುದ್ಧಿ ಅಲ್ಲ, ವೇಗ. ನೀವು ಹೇಳಿದ ಮಂಜು ಇದೆ. ಇದು ಸೋಮಾರಿತನ ಅಲ್ಲ, ಕಾಯಿಲೆ.”

ಮೆದುಳಿನೊಳಗಿನ ನರಗಳಿಗೆ ಒಂದು ಹೊದಿಕೆ ಇರುತ್ತೆ, ಈ ಕಾಯಿಲೆ ಅಲ್ಲಲ್ಲಿ ಅದನ್ನು ಕಿತ್ತುಹಾಕುತ್ತೆ ಅಂತ ಅವರು ಹೇಳುತ್ತಿದ್ದಂತೆ ಅಪ್ಪ ತಲೆ ಎತ್ತಿದ.

“ಇನ್ಸುಲೇಷನ್ ಸುಲಿದುಹೋದ ವೈರ್ ಥರ,” ಅಂದ.

“ಹೆಚ್ಚುಕಡಿಮೆ ಹಾಗೇ. ಸುದ್ದಿ ಹೋಗುತ್ತೆ, ತಡವಾಗಿ ತಲುಪುತ್ತೆ.”

ವೈರಿನ ವಿಷಯ ಅಪ್ಪನಿಗೆ ಗೊತ್ತು. ಸುಲಿದ ವೈರಿಗೆ ಗಮನ ಕೊಡು, ನಿದ್ದೆ ಮಾಡು ಅಂತ ಅವನು ಯಾವತ್ತೂ ಹೇಳಿದವನಲ್ಲ. ಆಮೇಲೆ ಅಮ್ಮನ ಕಡೆ ತಿರುಗಿದ. “ತಪ್ಪಾಯ್ತು ಕಣೇ,” ಅಂದ.

“ಹೂಂ, ಆಯ್ತು,” ಅಂದಳು ಅಮ್ಮ. ಆಮೇಲೆ ಮೇಡಂ ಹತ್ತಿರ, ಆ ಚುಕ್ಕಿಯನ್ನು ಇನ್ನೊಂದು ಸಲ ತೋರಿಸ್ತೀರಾ ಅಂತ ಕೇಳಿದಳು. ಕೆಳಗೆ ಕೂತಿದ್ದ ಆ ಚುಕ್ಕಿಯನ್ನು ನೋಡುತ್ತಾ ಅವಳ ಭುಜ ಎರಡೂ ನಿಧಾನಕ್ಕೆ ಸಡಿಲವಾದವು. ಕಡಿಮೆ ಮಾರ್ಕ್ಸ್ ಬಂದು ಇಷ್ಟು ಹಗುರಾದವರನ್ನು ಚೂಟಿ ಇದೇ ಮೊದಲು ನೋಡಿದ್ದು.

ಔಷಧಿ ಬದಲಾಯಿಸಬೇಕೋ ಬೇಡವೋ ಡಾಕ್ಟರ್ ನೋಡುತ್ತಾರೆ ಅಂದರು ಮೇಡಂ. ಮಧ್ಯಾಹ್ನ ಸ್ವಲ್ಪ ಮಲಗಿ, ಒಂದು ಸಲಕ್ಕೆ ಒಂದೇ ಕೆಲಸ ಹಿಡಿಯಿರಿ, ನೆನಪಿಟ್ಟುಕೊಳ್ಳುವ ಕೆಲಸವನ್ನು ಗೋಡೆಗೂ ಸ್ವಲ್ಪ ಹಂಚಿ ಅಂತಲೂ ಹೇಳಿದರು. ಕೌಂಟರ್ ಬಿಡಬೇಕಾ ಅಂತ ಅಮ್ಮ ಕೇಳಿದಾಗ, ಯಾಕೆ, ನಿಮಗೆ ಬೇಜಾರಾಗಿದೆಯಾ ಅಂತ ತಿರುಗಿ ಕೇಳಿದರು. ಅಮ್ಮ ಇಲ್ಲ ಅಂದಳು. ಅಪ್ಪ ಅವಳಿಗಿಂತ ಜೋರಾಗಿ ಇಲ್ಲ ಅಂದ.

ಮುಂದಿನ ಶನಿವಾರ ಅಂಗಡಿಯಲ್ಲಿ ಅಂಟಿನ ವಾಸನೆಯೋ ವಾಸನೆ. ಅಪ್ಪ ಪ್ರತಿ ಡ್ರಾಯರಿನ ಮುಖಕ್ಕೂ ಅದರೊಳಗಿರುವ ಒಂದೊಂದು ಸಾಮಾನು ಅಂಟಿಸುತ್ತಿದ್ದ. ಸ್ಕ್ರೂ ಇರುವುದಕ್ಕೆ ಸ್ಕ್ರೂ, ವಾಷರ್ ಇರುವುದಕ್ಕೆ ವಾಷರ್. ಅರ್ಧ ಗೋಡೆ ಆಗಿತ್ತು, ಅರ್ಧ ಬಾಕಿ ಇತ್ತು. ಕೌಂಟರಿನ ಮೇಲೆ ಪೇಂಟರ್ ಮಾಮ ಬರೆದುಕೊಟ್ಟ ಬೋರ್ಡ್ ನಿಂತಿತ್ತು, ‘ಒಬ್ಬೊಬ್ಬರೇ ಹೇಳಿ, ಇಬ್ಬರಿಗೂ ಸಿಗುತ್ತೆ’. ಅಮ್ಮ ಸ್ಟೂಲಿನ ಮೇಲಿದ್ದಳು. ಚೂಟಿ ಪೇಂಟ್ ಡಬ್ಬದ ಮೇಲೆ ಕೂತಿದ್ದಳು.

ಬಡಗಿ ಮಾಮ ಯಾವಾಗಲೂ ಕಾಲಿಗೆ ಚಕ್ರ ಕಟ್ಟಿಕೊಂಡೇ ಬರುವವನು. ಮುಕ್ಕಾಲು ಇಂಚಿನ ಹಿತ್ತಾಳೆ ಸ್ಕ್ರೂ ಕೊಡಿ ಅಕ್ಕಾ, ಗಾಡಿ ರಸ್ತೆ ಮಧ್ಯ ನಿಲ್ಲಿಸಿದ್ದೀನಿ ಅಂದ. ಅಮ್ಮ ಸ್ಟೂಲಿನಿಂದ ಇಳಿದು ಗೋಡೆಯ ಕಡೆ ತಿರುಗಿದಳು. ಹಿತ್ತಾಳೆ ಸ್ಕ್ರೂ ಇದ್ದದ್ದು ಇನ್ನೂ ಏನೂ ಅಂಟಿಸದ ಅರ್ಧದಲ್ಲಿ. ಕಿಟಕಿಯ ಪಕ್ಕ, ಮೇಲಿನಿಂದ ಮೂರನೇ ಸಾಲು. ಚೂಟಿಗೆ ಕಣ್ಣು ಮುಚ್ಚಿದರೂ ಗೊತ್ತು.

ಬಡಗಿ ಮಾಮ ಬೆರಳಿನಿಂದ ಕೌಂಟರ್ ಕುಟ್ಟಿದ. ಚೂಟಿಯ ಕಡೆ ಬಗ್ಗಿ ಮೆಲ್ಲಗೆ ಕೇಳಿದ. “ಏನೇ ಚೂಟಿ, ಎಲ್ಲಿದೆ ಗೊತ್ತಿಲ್ವಾ ನಿಂಗೆ?”

“ಗೊತ್ತು.”

“ಮತ್ತೆ?”

“ಅಮ್ಮ ತೆಗೀತಾಳೆ,” ಅಂದಳು ಚೂಟಿ.

ಅಮ್ಮನ ಬೆರಳು ಸಾಲಿನ ಉದ್ದಕ್ಕೂ ನಡೆಯಿತು. ಒಂದು ಕಡೆ ನಿಂತು, ಅಲ್ಲ ಅಂದುಕೊಂಡು ಮುಂದಕ್ಕೆ ಹೋಯಿತು. ಹೊರಗೆ ಯಾರೋ ಹಾರ್ನ್ ಹೊಡೆದರು. ಅಪ್ಪ ಅಂಟಿನ ಟ್ಯೂಬ್ ಹಿಡಿದುಕೊಂಡೇ ಕಾದ. ಬೆರಳು ಕಿಟಕಿಯ ಹತ್ತಿರ ಬಂತು, ಒಂದು ಸಾಲು ಕೆಳಗಿಳಿಯಿತು, ಡ್ರಾಯರ್ ಎಳೆಯಿತು. ಒಳಗೆ ಹಿತ್ತಾಳೆ ಫಳಫಳ ಅಂದಿತು.

“ಸಿಕ್ತು,” ಅಂದಳು ಅಮ್ಮ. ಹಿಂದಕ್ಕೆ ತಿರುಗಿ ಚೂಟಿಯನ್ನು ನೋಡಿದಳು.

ಚೂಟಿ ತೊಡೆಯ ಕೆಳಗಿನಿಂದ ಎರಡೂ ಕೈ ಹೊರಗೆ ತೆಗೆದಳು. ಡಬ್ಬದ ಅಂಚು ಅಂಗೈ ಮೇಲೆ ಕೆಂಪಗೆ ಗೆರೆ ಮೂಡಿಸಿತ್ತು.